ಸುಜಾನ್ ಲೆಂಗ್ಲೆನ್

ಹೊಲದಲ್ಲಿ ಕಳೆ ಕೀಳುವ, ತಲೆಯ ಮೇಲೆ ಕೊಡ ಹೊರುವ ಹುಡುಗಿಗೆ ಆಟವೇತಕ್ಕೆಂದು ಹರ್ತಿಯಂಥ ನಮ್ಮ ಹಳ್ಳಿಗಳ ತಾಯಿತಂದೆಗಳಲ್ಲಿ ಕೆಲವರು ಕೇಳುವದುಂಟು. ದುಡಿಮೆಯು ಮೈಯನ್ನು ದಣಿಸುವದು. ಕ್ರಮವಾದ ಆಟವು ಅದನ್ನು ತಿದ್ದುವದು. ಇದಕ್ಕೆ ಸುಜಾನ್ ಲೆಂಗ್ಲೆನ್ ಎಂಬವಳ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ಅವಳು 1899ನೆಯ ಮೇ 24ರಂದು ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ ಜನಿಸಿದಳು. ಎಳೆತನದಲ್ಲಿಯೇ ಉಬ್ಬಸ ಮೊದಲಾದ ವ್ಯಾಧಿಗಳು ಅವಳನ್ನು ಬಾಧಿಸಿದವು. ಮೈಗೆ ಬಲ ಬರಲೆಂದು ತಂದೆಯಾದ ಶಾರ್ಲನು 1910ರಲ್ಲಿ ಅವಳ ಕೈಗೆ ಟೆನ್ನಿಸ್ ರ್ಯಾಕೆಟ್ಟನ್ನು ಕೊಟ್ಟನು. ಆತನು ಹೆಸರಾದ ಆಟಗಾರನಲ್ಲ. ಆದರೂ ಫ್ರಾನ್ಸಿನ ದಕ್ಷಿಣ ತೀರದ ನೀಸ್ ಪಟ್ಟಣದಲ್ಲಿ ನಡೆಯುವ ಪಂದ್ಯಗಳನ್ನು ಕಣ್ಣಿಟ್ಟು ನೋಡಿ, ಗಂಡಸರ ಆಟದ ರೀತಿಯನ್ನೇ ಮಗಳಿಗೆ ಕಲಿಸಿದನು. ಅಂಗಣದಲ್ಲಿ ಒಂದು ಕೈವಸ್ತ್ರವನ್ನು ಹಾಸಿ, ಚೆಂಡು ಅದರ ಮೇಲೆಯೇ ಬೀಳುವಂತೆ ಹೊಡೆಯಹೇಳುವನು. ಗುರಿ ಸಾಧಿಸಿದ ಮೇಲೆ ವಸ್ತ್ರವನ್ನು ಮಡಿಚಿ ಚಿಕ್ಕದು ಮಾಡುವನು. ಕಡೆಗೆ ಅಲ್ಲಿ ನಾಣ್ಯವೊಂದೇ ಉಳಿಯುವದು. ಇದರ ಸಂಗಡ ಓಟ, ಈಜು, ಹಗ್ಗದಾಟಗಳೂ ಇದ್ದವು. ಮುಂದೆ ಲೋಕವು ಕೊಂಡಾಡಿದ ಆ ಹಗುರವಾದ ಹೆಜ್ಜೆಯು ಇಂಥ ಬೇಸರದ ಅಭ್ಯಾಸದಿಂದಲೇ ಬಂದದ್ದು.

1914ರಲ್ಲಿ, ಹದಿನೈದರ ಪ್ರಾಯದಲ್ಲಿ, ಪ್ಯಾರಿಸಿನ ಬಳಿಯ ಸೇಂಟ್ ಕ್ಲೌಡಿನಲ್ಲಿ ನಡೆದ ಜಾಗತಿಕ ಪಂದ್ಯವನ್ನು ಅವಳು ಗೆದ್ದಳು. ಮಹಾಯುದ್ಧವು ಮುಗಿದ ಬಳಿಕ 1919ರಲ್ಲಿ ವಿಂಬಲ್ಡನ್ನಿನ ಹುಲ್ಲಿನ ಅಂಗಣಕ್ಕೆ ಬಂದಳು. ಅಲ್ಲಿ ಏಳು ಸಲ ಗೆದ್ದಿದ್ದ ಲ್ಯಾಂಬರ್ಟ್ ಚೇಂಬರ್ಸ್ ಅವಳ ಎದುರಾಳಿ. ಸೋಲಿಗೆ ಒಂದೇ ಅಂಕವುಳಿದಿದ್ದ ಗಳಿಗೆಯನ್ನು ಎರಡು ಸಲ ದಾಟಿ, 10-8, 4-6, 9-7ರಿಂದ ಜಯಿಸಿದಳು. ಹಿಮ್ಮಡಿಯ ವರೆಗಿನ ಲಂಗವನ್ನೂ ಬಿಗಿಯಾದ ಒಳಗವಚವನ್ನೂ ತೊರೆದು, ಓಡಲು ಅನುಕೂಲವಾದ ಉಡುಪನ್ನು ಧರಿಸಿದ್ದಕ್ಕಾಗಿ ಹಲವರು ಹುಬ್ಬೇರಿಸಿದರು. ಹದಿನೈದು ವರ್ಷಗಳ ತರುವಾಯ, 1934ರಲ್ಲಿ, ನಮ್ಮ ದೇಶದ ಲೀಲಾ ರಾವ್ ಅದೇ ವಿಂಬಲ್ಡನ್ನಿನಲ್ಲಿ ಪಂದ್ಯ ಗೆದ್ದ ಮೊದಲನೆಯ ಭಾರತೀಯ ಸ್ತ್ರೀಯೆನಿಸಿದರು.

ಆಟದ ನಡುವೆ ಆಯಾಸವಾದರೆ ತಂದೆಯು ಬ್ರಾಂದಿಯಲ್ಲಿ ನೆನೆಸಿದ ಸಕ್ಕರೆಯನ್ನು ಕೊಡುತ್ತಿದ್ದನು. ಇದನ್ನು ನಾವು ಮೆಚ್ಚಲಾರೆವು. ಮಗಳ ತಪ್ಪನ್ನು ಸಹಿಸದ ಆತನ ಕಾಠಿಣ್ಯವನ್ನೂ ಮೆಚ್ಚಲಾರೆವು. 1921ರಲ್ಲಿ ಅವಳು ಅಸ್ವಸ್ಥಳಾಗಿಯೇ ಅಮೇರಿಕಾ ದೇಶದಲ್ಲಿ ಆಡಿ, ಕೆಮ್ಮುತ್ತ ನಡುವೆಯೇ ಆಟವನ್ನು ಬಿಟ್ಟಾಗ ನೆರೆದ ಜನರು ಕನಿಕರಪಡದೆ ಹೀಯಾಳಿಸಿದರು. ಆದರೂ ವಿಂಬಲ್ಡನ್ನಿನ ಒಂಟಿಯಾಟದ ಪದವಿಯನ್ನು 1925ರ ವರೆಗೆ ಒಟ್ಟು ಆರು ಸಲ ಗಳಿಸಿದಳು.

1926ರಲ್ಲಿ ಹಣಕ್ಕಾಗಿ ಆಡುವವರ ಪಂಗಡವನ್ನು ಸೇರಿದ್ದರಿಂದ ಆ ಅಂಗಣದ ಬಾಗಿಲು ಅವಳಿಗೆ ಮುಚ್ಚಿತು. ಬಳಿಕ ಪ್ಯಾರಿಸಿನಲ್ಲಿ ಟೆನ್ನಿಸ್ ಶಾಲೆಯನ್ನು ನಡಿಸಿ, ತಾನು ಕಲಿತದ್ದನ್ನು ಎಳೆಯರಿಗೆ ಕಲಿಸುತ್ತಿದ್ದಳು. 1938ನೆಯ ಜುಲೈ 4ರಂದು, ತನ್ನ 39ನೆಯ ವಯಸ್ಸಿನಲ್ಲಿ, ರಕ್ತಕ್ಷಯದಿಂದ ಅಲ್ಲಿಯೇ ಮರಣಹೊಂದಿದಳು.