ಯಕೃತ್ತಿನ ಕಣಜವನ್ನು ತೆರೆದ ಕ್ಲಾಡ್ ಬರ್ನಾರ್ಡ್

ನಾವು ನುಂಗಿದ ಮದ್ದು ಹೊಟ್ಟೆಗಿಳಿದ ಮೇಲೆ ಎಲ್ಲಿಗೆ ಹೋಗುತ್ತದೆ? ಕರುಳು ಹೀರಿಕೊಂಡದ್ದರಲ್ಲಿ ಹೆಚ್ಚಿನದು ಒಂದು ದೊಡ್ಡ ರಕ್ತನಾಳದ ಮೂಲಕ ಮೊದಲು ಯಕೃತ್ತನ್ನು ಸೇರುತ್ತದೆ. ಅಲ್ಲಿ ಮಾರ್ಪಾಡಾಗಿ ಉಳಿದದ್ದು ಮಾತ್ರ ಮೈಯ ಬೇರೆ ಭಾಗಗಳಿಗೆ ಸಾಗುತ್ತದೆ. ಈ ದಾರಿಯಲ್ಲಿ ಒಳಬರುವುದೇನು, ಹೊರಹೋಗುವುದೇನು ಎಂದು ಅಳೆದು ನೋಡುವುದನ್ನು ವೈದ್ಯಲೋಕಕ್ಕೆ ಕಲಿಸಿಕೊಟ್ಟವರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಅಗ್ರಗಣ್ಯ.

ಬರ್ನಾರ್ಡ್ ಹುಟ್ಟಿದ್ದು 1813ರ ಜುಲೈ 12ರಂದು, ಸಾಂ ಜೂಲಿಯೆನ್ ಎಂಬ ಹಳ್ಳಿಯಲ್ಲಿ. ಮನೆತನ ದ್ರಾಕ್ಷಿ ಬೇಸಾಯದ್ದು, ಕೈಯಲ್ಲಿ ಹಣವಿರಲಿಲ್ಲ. ಓದು ಅರ್ಧಕ್ಕೆ ನಿಂತು ಹುಡುಗ ಲಿಯಾನ್ ಪಟ್ಟಣದ ಹೊರವಲಯದ ಮದ್ದಿನಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದ. ಹಾಳಾದ, ಮಿಕ್ಕುಳಿದ ಮದ್ದುಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಸರ್ವರೋಗ ನಿವಾರಕ ಲೇಹ್ಯವೆಂದು ಮಾರುವುದು ಅಲ್ಲಿನ ಪದ್ಧತಿ. ಅದರೊಳಗೆ ಏನಿದೆಯೆಂದು ಮಾರುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಮದ್ದಿನ ಮೇಲಿನ ಕುರುಡು ನಂಬಿಕೆ ಆತನಿಗೆ ಅಲ್ಲೇ ಕಳಚಿಹೋಯಿತು.

ಆತನ ಮನಸ್ಸು ನಾಟಕದತ್ತ ಇತ್ತು. 1834ರಲ್ಲಿ ತಾನು ಬರೆದ ಐತಿಹಾಸಿಕ ನಾಟಕವನ್ನು ಹಿಡಿದು ಪ್ಯಾರಿಸಿಗೆ ಹೋದ. ಅಲ್ಲಿಯ ಹೆಸರಾಂತ ವಿಮರ್ಶಕನೊಬ್ಬ ಅದನ್ನು ಓದಿ, ಜೀವನೋಪಾಯಕ್ಕೆ ವೈದ್ಯವನ್ನು ಕಲಿಯುವುದು ಲೇಸೆಂದು ಬುದ್ಧಿ ಹೇಳಿದ. ವೈದ್ಯ ಶಾಲೆಯಲ್ಲಿಯೂ ಬರ್ನಾರ್ಡ್ ಮಿಂಚಲಿಲ್ಲ. ಆಸ್ಪತ್ರೆಯ ತರಬೇತಿಗೆ ಆಯ್ಕೆಯಾದ 29 ಮಂದಿಯಲ್ಲಿ ಆತನದು 26ನೇ ಸ್ಥಾನ. ಆದರೆ ಮಜಂಡೀ ಎಂಬ ಗುರುವಿನ ಪ್ರಯೋಗಶಾಲೆಯಲ್ಲಿ ಆತನ ಕೈಚಳಕ ಬೆಳಕಿಗೆ ಬಂತು.

ಸಕ್ಕರೆಯನ್ನು ತಯಾರಿಸುವುದು ಸಸ್ಯಗಳು ಮಾತ್ರ, ಪ್ರಾಣಿಗಳು ಅದನ್ನು ತಿಂದು ಖರ್ಚು ಮಾಡುತ್ತವೆ ಎಂಬುದು ಆಗಿನ ಪಂಡಿತರ ಮತ. ಬರ್ನಾರ್ಡ್ ಸಕ್ಕರೆಯಿಲ್ಲದ ಮಾಂಸವನ್ನಷ್ಟೇ ನಾಯಿಗೆ ತಿನ್ನಿಸಿ, ಯಕೃತ್ತಿನಿಂದ ಹೊರಬರುವ ರಕ್ತವನ್ನು ಪರೀಕ್ಷಿಸಿದ. ಅದರಲ್ಲಿ ಸಕ್ಕರೆ ತುಂಬಿತ್ತು. ಇದು 1848ರ ಮಾತು. ಅನುಮಾನಿಸಿದವರಿಗೆ 1855ರ ಪ್ರಯೋಗ ಉತ್ತರ ಕೊಟ್ಟಿತು. ಆಗಷ್ಟೇ ಸತ್ತ ನಾಯಿಯ ಯಕೃತ್ತಿನ ರಕ್ತನಾಳಗಳೊಳಗೆ ತಣ್ಣೀರು ಹಾಯಿಸಿ, ಸಕ್ಕರೆಯ ಸುಳಿವೇ ಇಲ್ಲದಂತೆ ತೊಳೆದು, ಹಾಗೆಯೇ ಇಟ್ಟುಬಿಟ್ಟ. ಮರುದಿನ ನೋಡಿದರೆ ಅದೇ ಯಕೃತ್ತಿನಲ್ಲಿ ಮತ್ತೆ ಸಕ್ಕರೆ! ರಕ್ತ ತಂದುಕೊಟ್ಟದ್ದಲ್ಲವಾದರೆ ಅದು ಅಲ್ಲಿಯೇ ಹುಟ್ಟಿರಬೇಕು. 1857ರಲ್ಲಿ ಆತ ಆ ಮೂಲವಸ್ತುವನ್ನೇ ಬೇರ್ಪಡಿಸಿದ. ಅದೇ ಗ್ಲೈಕೋಜನ್. ಉಂಡ ಹೊತ್ತಿನಲ್ಲಿ ಕೂಡಿಟ್ಟು, ಹಸಿದ ಹೊತ್ತಿನಲ್ಲಿ ಸಕ್ಕರೆಯಾಗಿ ಬಿಡುವ ಕಣಜ ಯಕೃತ್ತು ಎಂಬುದು ಹೀಗೆ ಸ್ಥಿರಪಟ್ಟಿತು.

ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುವ ಕುರಾರೆ ವಿಷವನ್ನೂ ಆತ ಪರೀಕ್ಷಿಸಿದ. ನರದಿಂದ ಸ್ನಾಯುವಿಗೆ ಹೋಗುವ ಅಪ್ಪಣೆಯನ್ನು ಅದು ತಡೆಯುತ್ತದೆ, ಸ್ನಾಯುವಿನ ಶಕ್ತಿಯನ್ನಲ್ಲ ಎಂದು ಕಪ್ಪೆಗಳ ಮೇಲೆ ತೋರಿಸಿದ. ಮದ್ದಾಗಲಿ ವಿಷವಾಗಲಿ, ದೇಹದೊಳಗೆ ಅದಕ್ಕೊಂದು ಗೊತ್ತಾದ ತಾಣವಿದೆ ಎಂಬ ತಿಳಿವಳಿಕೆ ಇದರಿಂದ ಬಲಗೊಂಡಿತು. 1942ರಿಂದ ಇದೇ ವಿಷ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸುವ ಮದ್ದಾಯಿತು.

ಈ ಸಾಧನೆಗೆ ತೆತ್ತ ಬೆಲೆಯನ್ನು ನಾವು ಮುಚ್ಚಿಡಲಾಗದು. ಅವನ ಅನೇಕ ಪ್ರಯೋಗಗಳು ಜೀವಂತ ಪ್ರಾಣಿಗಳ ಮೇಲೆ ನಡೆದವು. 1845ರಲ್ಲಿ ಮದುವೆಯಾದಾಗ ಬಂದ ಹೆಂಡತಿಯ ವರದಕ್ಷಿಣೆ ಆತನ ಸಂಶೋಧನೆಗೆ ಆಸರೆಯಾಗಿತ್ತು. ಆದರೆ ಆ ಹೆಂಡತಿಗೇ ಈ ಹಿಂಸೆ ಸಹಿಸದಾಯಿತು. ಕೊನೆಗೆ ಇಬ್ಬರೂ ಬೇರೆಯಾದರು. ಹೆಣ್ಣುಮಕ್ಕಳು ತಾಯಿಯ ಪಕ್ಷ ಹಿಡಿದರು. ತೇವ ತುಂಬಿದ ಕತ್ತಲೆಯ ಪ್ರಯೋಗಶಾಲೆಯಲ್ಲಿ ಆತನ ಆರೋಗ್ಯವೂ ಕೆಟ್ಟಿತು. ಕಾಯಿಲೆಯಿಂದ ಊರಿಗೆ ಹೋಗಿ ಬಿಡುವಾಗಿದ್ದ ದಿನಗಳಲ್ಲಿಯೇ ಪ್ರಾಯೋಗಿಕ ವೈದ್ಯದ ಕುರಿತಾದ ಪ್ರಸಿದ್ಧ ಗ್ರಂಥವನ್ನು ಬರೆದ. ಅದು 1865ರಲ್ಲಿ ಪ್ರಕಟವಾಯಿತು. ನಾಟಕಕಾರನಾಗಬೇಕೆಂದು ಬಂದವನಿಗೆ ಫ್ರೆಂಚ್ ಅಕಾಡೆಮಿಯ ಸದಸ್ಯತ್ವ 1868ರಲ್ಲಿ ಒಲಿಯಿತು. 1878ರ ಫೆಬ್ರವರಿ 10ರಂದು ಆತ ತೀರಿಕೊಂಡಾಗ ಫ್ರಾನ್ಸ್ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಸಿತು. ಆ ದೇಶದಲ್ಲಿ ವಿಜ್ಞಾನಿಯೊಬ್ಬನಿಗೆ ಸಂದ ಅಂಥ ಮೊದಲ ಗೌರವ ಅದು.

ಬರ್ನಾರ್ಡ್ ಹೇಳಿದ್ದೆಲ್ಲವೂ ನಿಲ್ಲಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಮೇದೋಜೀರಕ ಗ್ರಂಥಿಯ ಪಾತ್ರ ಆತನ ಕಾಲಾನಂತರ, 1889ರಲ್ಲಿ, ಜರ್ಮನಿಯಲ್ಲಿ ತಿಳಿದುಬಂತು. ಆದರೆ ಯಕೃತ್ತಿನ ಮಾತು ಸುಳ್ಳಾಗಲಿಲ್ಲ. ಇಂದು ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಸೇವಿಸುವ ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ಯಕೃತ್ತು ಹೊರಬಿಡುವ ಸಕ್ಕರೆಯನ್ನೇ ತಗ್ಗಿಸುತ್ತದೆ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನುಂಗದೆ ನಾಲಗೆಯಡಿ ಇಡಬೇಕೆನ್ನುವುದಕ್ಕೂ ಕಾರಣ ಯಕೃತ್ತೇ. ನುಂಗಿದರೆ ಹೃದಯಕ್ಕೆ ತಲಪುವ ಮೊದಲೇ ಅದು ಮದ್ದಿನ ಬಹುಪಾಲನ್ನು ಒಡೆದುಹಾಕುತ್ತದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಕ್ರಮದಲ್ಲಿಯೇ ಮದ್ದು ಸೇವಿಸಬೇಕೆಂಬುದಕ್ಕೆ ಇಂಥ ಕಾರಣಗಳಿವೆ. ಪಾತ್ರೆಯಲ್ಲಿ ಏನಿದೆಯೆಂದು ತಿಳಿಯದೆ ಲೇಹ್ಯ ಮಾರಿದ ಕಾಲದಿಂದ ನಾವು ಇಷ್ಟು ದೂರ ಬಂದುದರಲ್ಲಿ ಆ ಮದ್ದಿನಂಗಡಿಯ ಹುಡುಗನ ಪಾಲು ಸಣ್ಣದಲ್ಲ.