ನ್ಯೂಟನ್ ಬಚ್ಚಿಟ್ಟ ನಂಬಿಕೆ

1727ರ ಮಾರ್ಚ್ ತಿಂಗಳು. ಲಂಡನ್ನಿನ ಅಂಚಿನಲ್ಲಿದ್ದ ಕೆನ್ಸಿಂಗ್ಟನ್‌ನ ಮನೆಯೊಂದರಲ್ಲಿ 84 ವರ್ಷದ ಐಸಾಕ್ ನ್ಯೂಟನ್ ಮರಣಶಯ್ಯೆಯಲ್ಲಿದ್ದ. ಕೊನೆಗಾಲದಲ್ಲಿ ಪಾದ್ರಿಯ ಕೈಯಿಂದ ಪ್ರಭುಭೋಜನದ ಪ್ರಸಾದ ಸ್ವೀಕರಿಸುವುದು ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದವರ ವಾಡಿಕೆ. ನ್ಯೂಟನ್ ಅದನ್ನು ಬೇಡವೆಂದ. ಆತನ ಮಲತಂಗಿಯ ಮಗಳನ್ನು ಮದುವೆಯಾಗಿದ್ದ ಜಾನ್ ಕಾಂಡ್ಯುಯಿಟ್ ಈ ಸಂಗತಿಯನ್ನು ತನ್ನ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾನೆ. ಅದೇ ತಿಂಗಳು ನ್ಯೂಟನ್ನನ ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಅದೇ ಚರ್ಚಿನ ವಿಧಿಗಳಂತೆ, ಸಕಲ ಗೌರವಗಳೊಂದಿಗೆ ಸಮಾಧಿ ಮಾಡಲಾಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದ ಗುಟ್ಟೊಂದು ಆತನ ಸಾವಿನೊಂದಿಗೂ ಹೊರಬೀಳಲಿಲ್ಲ.

ಆ ಗುಟ್ಟು ವಿಜ್ಞಾನದ್ದಲ್ಲ, ನಂಬಿಕೆಯದು. ಗುರುತ್ವಾಕರ್ಷಣೆಯ ನಿಯಮವನ್ನು ಜಗತ್ತಿಗೆ ಕೊಟ್ಟ ನ್ಯೂಟನ್ ಕ್ರೈಸ್ತಧರ್ಮದ ಅಡಿಗಲ್ಲು ಎಂದೇ ಪರಿಗಣಿತವಾದ ತ್ರಿತ್ವ ಸಿದ್ಧಾಂತವನ್ನು ಒಪ್ಪಿರಲಿಲ್ಲ. ಆತ ನಾಸ್ತಿಕನಾಗಿರಲಿಲ್ಲ, ಸಂದೇಹವಾದಿಯೂ ಆಗಿರಲಿಲ್ಲ. ಬೈಬಲ್ಲನ್ನು ಆತನಷ್ಟು ನಿಷ್ಠೆಯಿಂದ ಓದಿದವರು ಆ ಕಾಲದಲ್ಲಿ ವಿರಳ. ಆ ಓದಿನ ಫಲವಾಗಿಯೇ ಆತ ತನ್ನ ಚರ್ಚಿನ ದೃಷ್ಟಿಯಲ್ಲಿ ಪಾಷಂಡಿಯಾದ ಎಂಬುದು ಈ ಕಥೆಯ ವಿಪರ್ಯಾಸ.

1642ರ ಕ್ರಿಸ್‌ಮಸ್ ದಿನ, ಆಗಿನ ಇಂಗ್ಲೆಂಡಿನ ಪಂಚಾಂಗದಂತೆ, ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ ನ್ಯೂಟನ್ ಹುಟ್ಟಿದ. ತಂದೆ ಅದಾಗಲೇ ತೀರಿಕೊಂಡಿದ್ದ. ಮಗುವಿಗೆ ಮೂರು ವರ್ಷವಾದಾಗ ತಾಯಿ ಬಾರ್ನಬಸ್ ಸ್ಮಿತ್ ಎಂಬ ಪಾದ್ರಿಯನ್ನು ಮರುಮದುವೆಯಾಗಿ ಹೊರಟುಹೋದಳು. ಮಗು ಅಜ್ಜಿಯ ಪಾಲಿಗೆ ಉಳಿಯಿತು. 1661ರಲ್ಲಿ ಆತ ಕೇಂಬ್ರಿಜ್‌ನಲ್ಲಿ ಸೇರಿದ ಕಾಲೇಜಿನ ಹೆಸರೇ ಟ್ರಿನಿಟಿ, ಅಂದರೆ ತ್ರಿತ್ವ. 1667ರಲ್ಲಿ ಅಲ್ಲಿನ ಫೆಲೋ ಆದ. 1669ರಲ್ಲಿ, 26ರ ವಯಸ್ಸಿನಲ್ಲಿ, ಲ್ಯೂಕೇಸಿಯನ್ ಗಣಿತ ಪೀಠದ ಪ್ರಾಧ್ಯಾಪಕನಾದ.

ಫೆಲೋ ಆದವನು ನಿಗದಿತ ಅವಧಿಯೊಳಗೆ ಪಾದ್ರಿದೀಕ್ಷೆ ಪಡೆಯಬೇಕೆಂಬುದು ಕಾಲೇಜಿನ ನಿಯಮ. ನ್ಯೂಟನ್ನನ ಗಡುವು 1675ಕ್ಕೆ ಮುಗಿಯುವುದಿತ್ತು. 1670ರ ದಶಕದ ಆರಂಭದಲ್ಲಿ ಆತ ಧರ್ಮಶಾಸ್ತ್ರದ ಅಧ್ಯಯನಕ್ಕೆ ಇಳಿದ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡದ ಆ ಮನಸ್ಸು ಬೈಬಲ್ಲಿನ ಜತೆಗೆ ಮೊದಲ ಶತಮಾನಗಳ ಧರ್ಮಪಿತರ ಗ್ರೀಕ್ ಮತ್ತು ಲ್ಯಾಟಿನ್ ಬರಹಗಳನ್ನೂ ಜಾಲಾಡಿತು. ಹಾಗೆ ಓದುತ್ತ ಓದುತ್ತ ಆತ ನಾಲ್ಕನೆಯ ಶತಮಾನದ ಒಂದು ವಿವಾದದೊಳಗೆ ಕಾಲಿಟ್ಟ.

ಆ ವಿವಾದದ ಮೂಲ ಪ್ರಶ್ನೆ ಸರಳವಾದುದು. ಹಸಿದ, ದಣಿದ, ಕಣ್ಣೀರಿಟ್ಟ, ಶಿಲುಬೆಯ ಮೇಲೆ ಸತ್ತ ಯೇಸು ಯಾರು? ದೇವರೇ, ಅಥವಾ ದೇವರು ಕಳುಹಿಸಿದವನೇ? ದೇವರೊಬ್ಬನೇ ಎಂಬ ಯೆಹೂದ್ಯ ಪರಂಪರೆಯ ನಂಬಿಕೆಗೂ ಯೇಸುವನ್ನು ಆರಾಧಿಸುವ ಕ್ರೈಸ್ತರ ನಡವಳಿಕೆಗೂ ಹೊಂದಾಣಿಕೆ ಹೇಗೆ? ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್, ಮಗನು ತಂದೆಯ ಸಂಕಲ್ಪದಿಂದ ಉಂಟಾದವನು, ಆದ್ದರಿಂದ ತಂದೆಗೆ ಸಮಾನನಲ್ಲ ಎಂದು ವಾದಿಸಿದ. ಯೇಸು ದೇವರೇ ಅಲ್ಲದಿದ್ದರೆ ಅವನಿಂದ ಮನುಷ್ಯರ ಉದ್ಧಾರ ಹೇಗಾದೀತು ಎಂಬುದು ಎದುರುಪಕ್ಷದ ಆತಂಕ. ಅದರ ಮುಂದಾಳಾಗಿ ಬೆಳೆದವನು ಅಥನೇಸಿಯಸ್. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾದಲ್ಲಿ, ಅಂದರೆ ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಕರೆದ ಬಿಷಪರ ಸಭೆ ತಂದೆ ಮತ್ತು ಮಗ ಒಂದೇ ಸತ್ತ್ವದವರೆಂದು ತೀರ್ಮಾನಿಸಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭೆ ಪವಿತ್ರಾತ್ಮನ ಸ್ಥಾನವನ್ನು ಸ್ಪಷ್ಟಪಡಿಸಿತು. 451ರ ಕ್ಯಾಲ್ಸಿಡನ್ ಸಭೆ ಯೇಸು ಪೂರ್ಣವಾಗಿ ದೇವರೂ ಹೌದು, ಪೂರ್ಣವಾಗಿ ಮನುಷ್ಯನೂ ಹೌದು ಎಂದಿತು. ಇಂದಿಗೂ ಕ್ರೈಸ್ತಲೋಕದ ಬಹುಪಾಲು ಸಭೆಗಳು ನಿಂತಿರುವುದು ಈ ನಿರ್ಣಯಗಳ ಮೇಲೆಯೇ. 2025ಕ್ಕೆ ನೈಸಿಯಾ ಸಭೆಗೆ 1700 ವರ್ಷ ತುಂಬಿತು.

ನ್ಯೂಟನ್ ಈ ವ್ಯಾಜ್ಯವನ್ನು ನ್ಯಾಯಾಧೀಶನಂತೆ ಮತ್ತೆ ವಿಚಾರಣೆಗೆ ಎತ್ತಿಕೊಂಡ. ಅಥನೇಸಿಯಸ್ಸನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿದ. ಆತನ ದೃಷ್ಟಿಯಲ್ಲಿ ಸರ್ವೋಚ್ಚ ದೇವರು ತಂದೆಯೊಬ್ಬನೇ. ಯೇಸು ದೇವರ ಮಗ, ಮಧ್ಯಸ್ಥ, ಜಗತ್ತಿನ ಪ್ರಭು ಎಂಬುದೆಲ್ಲ ನಿಜ. ಆದರೆ ಆ ಪ್ರಭುತ್ವ ತಂದೆಯಿಂದ ದತ್ತವಾದದ್ದು. ಯೇಸುವನ್ನು ತಂದೆಗೆ ಸರಿಸಮನೆಂದು ಪೂಜಿಸುವುದು ವಿಗ್ರಹಾರಾಧನೆ. ಯೇಸು ಕೇವಲ ಮನುಷ್ಯನೆಂದ ಸೊಸೀನಿಯನ್ ಪಂಥದವರ ಪುಸ್ತಕಗಳು ಆತನ ಗ್ರಂಥಭಂಡಾರದಲ್ಲಿದ್ದವಾದರೂ ಆತ ಅಷ್ಟು ದೂರ ಹೋದವನಲ್ಲ.

ಇಂಥವನು ಪಾದ್ರಿದೀಕ್ಷೆಯ ಪ್ರಮಾಣವಚನ ಸ್ವೀಕರಿಸುವುದಾದರೂ ಹೇಗೆ? ನ್ಯೂಟನ್ ಹುದ್ದೆ ತೊರೆಯಲು ಸಿದ್ಧನಾದ. ಫೆಲೋಷಿಪ್ಪಿನ ಆದಾಯ ನಿಲ್ಲಲಿರುವುದರಿಂದ ವಂತಿಗೆಯಿಂದ ವಿನಾಯಿತಿ ಕೊಡಬೇಕೆಂದು 1675ರ ಆರಂಭದಲ್ಲಿ ರಾಯಲ್ ಸೊಸೈಟಿಗೆ ಬರೆದ. ಅಷ್ಟರಲ್ಲಿ ಲ್ಯೂಕೇಸಿಯನ್ ಪೀಠದಲ್ಲಿರುವವರು ದೀಕ್ಷೆ ಪಡೆಯಬೇಕಿಲ್ಲವೆಂಬ ರಾಜಾಜ್ಞೆ ಹೊರಟು ಆತ ಉಳಿದುಕೊಂಡ. ಆಗ ಟ್ರಿನಿಟಿಯ ಮುಖ್ಯಸ್ಥನಾಗಿದ್ದ ಐಸಾಕ್ ಬ್ಯಾರೊ ಇದಕ್ಕೆ ನೆರವಾಗಿರಬೇಕೆಂಬುದು ಚರಿತ್ರಕಾರರ ಊಹೆ. ಆ ವಿನಾಯಿತಿ ದೊರೆಯದಿದ್ದರೆ 1687ರ ‘ಪ್ರಿನ್ಸಿಪಿಯಾ’ ಬರುತ್ತಿತ್ತೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ತನ್ನ ಮನಸ್ಸನ್ನು ನ್ಯೂಟನ್ ತೆರೆದುಕೊಂಡದ್ದು ಬೆರಳೆಣಿಕೆಯ ಮಂದಿಯ ಮುಂದೆ. ಅವರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್ ಒಬ್ಬ. 1690ರಲ್ಲಿ ಲಾಕ್‌ಗೆ ಕಳುಹಿಸಿದ ಸುದೀರ್ಘ ಪತ್ರಪ್ರಬಂಧದಲ್ಲಿ ನ್ಯೂಟನ್ ಹೊಸ ಒಡಂಬಡಿಕೆಯ ಎರಡು ವಾಕ್ಯಗಳನ್ನು ಪರೀಕ್ಷೆಗೆ ಒಡ್ಡಿದ್ದ. ಒಂದು, ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ ಪರಲೋಕದ ಮೂವರು ಸಾಕ್ಷಿಗಳನ್ನು ಹೇಳುವ ಭಾಗ. ಇನ್ನೊಂದು, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ದೇವರು ಶರೀರಧಾರಿಯಾಗಿ ಪ್ರತ್ಯಕ್ಷನಾದನೆಂದು ಓದಲಾಗುತ್ತಿದ್ದ ಮಾತು. ಮೊದಲನೆಯದು ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿಲ್ಲ. ಅರಿಯಸ್ಸನ ವಿರುದ್ಧ ತ್ರಿತ್ವವಾದಿಗಳು ಪ್ರತಿಯೊಂದು ಆಧಾರಕ್ಕೂ ತಡಕಾಡುತ್ತಿದ್ದಾಗ ಅವರಲ್ಲಿ ಯಾರೂ ಈ ವಾಕ್ಯವನ್ನು ಎತ್ತಿಲ್ಲ. ಅಂದಮೇಲೆ ಅದು ಆಮೇಲೆ ಸೇರಿಕೊಂಡದ್ದೇ ಸರಿ ಎಂಬುದು ನ್ಯೂಟನ್ನನ ತರ್ಕ. ಎರಡನೆಯದರಲ್ಲಿ ದೇವರು ಎಂಬ ಪದ ಮೂಲದ್ದಲ್ಲವೆಂದು ತೋರಿಸಿದ. ಇಂದು ತ್ರಿತ್ವವನ್ನು ನಂಬುವ ವಿದ್ವಾಂಸರೇ ಸಿದ್ಧಪಡಿಸುವ ಬೈಬಲ್ಲಿನ ವಿಮರ್ಶಾತ್ಮಕ ಆವೃತ್ತಿಗಳು ಈ ಎರಡು ಪಾಠಗಳನ್ನೂ ಮೂಲದಲ್ಲಿ ಇಟ್ಟುಕೊಳ್ಳುವುದಿಲ್ಲ. ತ್ರಿತ್ವಕ್ಕೆ ಬೇರೆ ಆಧಾರಗಳುಂಟೆಂದು ಅವರು ಹೇಳುತ್ತಾರೆ, ಅದು ಬೇರೆ ಮಾತು. ಪಠ್ಯವಿಮರ್ಶೆಯ ಮಟ್ಟಿಗೆ ನ್ಯೂಟನ್ ಸರಿಯಾಗಿದ್ದ.

ಹೆಸರಿಲ್ಲದೆ ಪ್ರಕಟಿಸಲು ಲಾಕ್ ಈ ಬರಹವನ್ನು ಹಾಲೆಂಡಿನಲ್ಲಿದ್ದ ವಿದ್ವಾಂಸ ಜಾನ್ ಲ ಕ್ಲೇರ್‌ಗೆ ಕಳುಹಿಸಿಕೊಟ್ಟ. ಆದರೆ 1692ರಲ್ಲಿ ನ್ಯೂಟನ್ ಹಿಂಜರಿದು ಮುದ್ರಣವನ್ನು ತಡೆದ. ಅದು ಬೆಳಕು ಕಂಡದ್ದು 1754ರಲ್ಲಿ, ಲೇಖಕ ಸತ್ತು 27 ವರ್ಷಗಳ ನಂತರ.

ಈ ಅಂಜಿಕೆ ಕಾರಣವಿಲ್ಲದ್ದೇನಲ್ಲ. ತ್ರಿತ್ವವನ್ನು ಪ್ರಶ್ನಿಸಿದ ಸ್ಪೇನಿನ ವೈದ್ಯ ಮಿಖಾಯೆಲ್ ಸರ್ವೀಟಸ್‌ನನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಡಲಾಗಿತ್ತು. ಇಂಗ್ಲೆಂಡಿನಲ್ಲೇ 1612ರಲ್ಲಿ ಇಬ್ಬರು ಇದೇ ಬಗೆಯ ಆರೋಪಕ್ಕಾಗಿ ಬೆಂಕಿಗೆ ಆಹುತಿಯಾಗಿದ್ದರು. 1689ರ ಸಹಿಷ್ಣುತಾ ಕಾಯ್ದೆ ತ್ರಿತ್ವ ನಿರಾಕರಿಸುವವರಿಗೆ ಅನ್ವಯಿಸುತ್ತಿರಲಿಲ್ಲ. 1697ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಥಾಮಸ್ ಐಕೆನ್‌ಹೆಡ್ ಎಂಬ 20ರ ವಿದ್ಯಾರ್ಥಿಯನ್ನು ದೈವನಿಂದೆಗಾಗಿ ಗಲ್ಲಿಗೇರಿಸಲಾಯಿತು. ತ್ರಿತ್ವವನ್ನು ಗೇಲಿ ಮಾಡಿದ್ದು ಅವನ ಮೇಲಿನ ಆರೋಪಗಳಲ್ಲೊಂದು. ಸರ್ಕಾರಿ ಹುದ್ದೆಗೆ ಬರುವವರು ಚರ್ಚ್ ಆಫ್ ಇಂಗ್ಲೆಂಡಿನ ಪ್ರಭುಭೋಜನ ಸ್ವೀಕರಿಸಿರಬೇಕೆಂಬ ಕಾನೂನೂ ಇತ್ತು. ನ್ಯೂಟನ್ 1696ರಲ್ಲಿ ಟಂಕಸಾಲೆಯ ವಾರ್ಡನ್, 1699ರಲ್ಲಿ ಅದರ ಮಾಸ್ಟರ್, 1703ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾದ. 1705ರಲ್ಲಿ ಸರ್ ಪದವಿ ಪಡೆದ. ಒಂದೊಂದು ಮೆಟ್ಟಿಲೂ ಆತನ ಮೌನಕ್ಕೆ ಒಂದೊಂದು ಬೀಗ ಹಾಕುತ್ತ ಹೋಯಿತು.

ಭಯವೊಂದೇ ಕಾರಣವೆನ್ನುವುದೂ ಸರಿಯಾಗಲಾರದು. ಸಾಮಾನ್ಯ ವಿಶ್ವಾಸಿಗೆ ಸರಳವಾದ ಕೆಲವು ನಂಬಿಕೆಗಳು ಸಾಕು, ಗಹನವಾದವು ಪಕ್ವಗೊಂಡ ಕೆಲವರಿಗೆ ಮಾತ್ರ ಎಂದು ನ್ಯೂಟನ್ ಪ್ರಾಮಾಣಿಕವಾಗಿಯೇ ಭಾವಿಸಿದ್ದ. 1713ರಲ್ಲಿ ‘ಪ್ರಿನ್ಸಿಪಿಯಾ’ದ ಎರಡನೆಯ ಆವೃತ್ತಿಗೆ ಸೇರಿಸಿದ ಉಪಸಂಹಾರದಲ್ಲಿ, ದೇವರೆಂಬ ಪದ ಪ್ರಭುತ್ವವನ್ನು ಸೂಚಿಸುವಂಥದೆಂದು ವಿವರಿಸಿದ. ಬಲ್ಲವರಿಗೆ ಅದರೊಳಗಿನ ಸೂಚನೆ ತಿಳಿಯುವಂತಿತ್ತು. ಉಳಿದವರಿಗೆ ಅದು ಭಕ್ತಿಯ ಮಾತಾಗಿ ಕಂಡಿತು.

ಆದರೆ ಈ ಮೌನಕ್ಕೆ ಇನ್ನೊಬ್ಬರು ಬೆಲೆ ತೆರಬೇಕಾಗಿ ಬಂದಾಗ ಏನಾಯಿತು? 1702ರಲ್ಲಿ ಲ್ಯೂಕೇಸಿಯನ್ ಪೀಠಕ್ಕೆ ನ್ಯೂಟನ್ನನ ಉತ್ತರಾಧಿಕಾರಿಯಾಗಿ ಬಂದವನು ವಿಲಿಯಂ ವಿಸ್ಟನ್. ಗುರುವಿನಂತೆಯೇ ತ್ರಿತ್ವವನ್ನು ಒಪ್ಪದ ಅವನು ಗುರುವಿನಂತೆ ಬಾಯಿ ಮುಚ್ಚಿಕೊಂಡಿರಲಿಲ್ಲ. 1710ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅವನನ್ನು ಹೊರಹಾಕಿತು. ಮುಂದಿನ ಜೀವನವನ್ನು ಅವನು ಉಪನ್ಯಾಸ ಮತ್ತು ಬರವಣಿಗೆಯಿಂದ ಸಾಗಿಸಬೇಕಾಯಿತು. ಇಂಗ್ಲೆಂಡಿನ ಅತ್ಯಂತ ಪ್ರಭಾವಿ ವಿಜ್ಞಾನಿಯಾಗಿದ್ದ ನ್ಯೂಟನ್ ಅವನ ಪರವಾಗಿ ಬಹಿರಂಗವಾಗಿ ಒಂದು ಮಾತೂ ಆಡಲಿಲ್ಲ. ತಾನು ರಾಯಲ್ ಸೊಸೈಟಿಯ ಸದಸ್ಯನಾಗದಂತೆ ತಡೆದವನೂ ನ್ಯೂಟನ್ನನೇ ಎಂದು ವಿಸ್ಟನ್ ಬರೆದುಕೊಂಡಿದ್ದಾನೆ. ಮಹಾಪುರುಷರ ಚರಿತ್ರೆಯಲ್ಲಿ ಇಂಥ ಪುಟಗಳನ್ನು ಮಗುಚಿ ಮುಂದೆ ಹೋಗಬಾರದು.

ನ್ಯೂಟನ್ ಬಿಟ್ಟುಹೋದ ಧಾರ್ಮಿಕ ಹಸ್ತಪ್ರತಿಗಳು ಲಕ್ಷಾಂತರ ಪದಗಳಷ್ಟಿವೆ. ಆತನ ಸಾವಿನ ನಂತರ ಕಾಗದಪತ್ರಗಳನ್ನು ಪರಿಶೀಲಿಸಿದ ಥಾಮಸ್ ಪೆಲೆಟ್ ಅವುಗಳಲ್ಲಿ ಬಹುಭಾಗ ಅಚ್ಚಿಗೆ ಯೋಗ್ಯವಲ್ಲವೆಂದು ಬದಿಗಿರಿಸಿದ. ಅವು ಪೋರ್ಟ್ಸ್‌ಮತ್ ಮನೆತನದ ವಶದಲ್ಲಿ ಉಳಿದವು. 19ನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ವಿಜ್ಞಾನದ ಕಾಗದಗಳನ್ನು ಇಟ್ಟುಕೊಂಡು ಧರ್ಮದ ಕಾಗದಗಳನ್ನು ಮರಳಿಸಿತು. 1936ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಉಳಿದ ಕಾಗದಗಳೆಲ್ಲ 9,000 ಪೌಂಡಿಗೆ ತುಸು ಹೆಚ್ಚಿನ ಮೊತ್ತಕ್ಕೆ ಚದುರಿಹೋದವು. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮತ್ತು ಜೆರೂಸಲೇಮಿನಲ್ಲಿ ಹುಟ್ಟಿದ ವಿದ್ವಾಂಸ ಅಬ್ರಹಾಂ ಯಹೂದಾ ಪಟ್ಟುಹಿಡಿದು ಅವುಗಳನ್ನು ಕೂಡಿಹಾಕಿದರು. ಕೇನ್ಸ್ ಸಂಗ್ರಹ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೂ ಯಹೂದಾ ಸಂಗ್ರಹ ಇಸ್ರೇಲಿನ ರಾಷ್ಟ್ರೀಯ ಗ್ರಂಥಾಲಯಕ್ಕೂ ಸೇರಿದವು. ಈಗ ಇವುಗಳಲ್ಲಿ ಹೆಚ್ಚಿನವನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಓದಬಹುದು. ತ್ರಿತ್ವ ನಿರಾಕರಣೆಯನ್ನು ಅಪರಾಧವಾಗಿಸಿದ್ದ ಬ್ರಿಟನ್ನಿನ ಕಾನೂನು 1813ರಲ್ಲೇ ರದ್ದಾಯಿತು.

ನ್ಯೂಟನ್ನನ ನಿಲುವು ಧರ್ಮಶಾಸ್ತ್ರದ ದೃಷ್ಟಿಯಿಂದ ಸರಿಯೇ ತಪ್ಪೇ ಎಂಬುದನ್ನು ಕ್ರೈಸ್ತ ವಿಶ್ವಾಸಿಗಳು ತಮ್ಮ ಶ್ರದ್ಧೆಗೆ ಅನುಗುಣವಾಗಿ ನಿರ್ಧರಿಸಿಕೊಳ್ಳಲಿ. ಉಳಿದವರ ಮುಂದಿರುವ ಪ್ರಶ್ನೆ ಬೇರೆ. ನಂಬಿಕೆಯ ಪ್ರಮಾಣವನ್ನು ಕಾನೂನಿನ ಬಲದಿಂದ ಕೇಳುವ ವ್ಯವಸ್ಥೆಗೆ ಸಿಗುವುದು ನಂಬಿಕೆಯಲ್ಲ, ಮೌನ. ಆ ಮೌನದಿಂದ ಧರ್ಮಕ್ಕೂ ಲಾಭವಾಗಲಿಲ್ಲ. ಬೈಬಲ್ಲಿನ ಪಾಠದ ಬಗೆಗಿನ ಉತ್ತಮ ವಿಮರ್ಶೆಯೊಂದು ಅರವತ್ತಕ್ಕೂ ಹೆಚ್ಚು ವರ್ಷ ಕತ್ತಲಲ್ಲಿ ಉಳಿಯಿತು. ಮಾತನಾಡಿದ ವಿಸ್ಟನ್ ಜೀವನೋಪಾಯ ಕಳೆದುಕೊಂಡ. ಮಾತನಾಡದ ನ್ಯೂಟನ್ ಎಲ್ಲ ಗೌರವಗಳನ್ನೂ ಪಡೆದ. ಆದರೆ ತಾನು ಅತ್ಯಂತ ಮುಖ್ಯವೆಂದು ನಂಬಿದ್ದನ್ನು ಬಹಿರಂಗವಾಗಿ ಹೇಳಲಾಗದೆಯೇ ಹೋದ. ಕೊನೆಯ ಗಳಿಗೆಯಲ್ಲಿ, ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ, ಪ್ರಸಾದವನ್ನು ಬೇಡವೆಂದದ್ದೇ ಆತ ತನ್ನ ಮನೆಯವರೆದುರು ಆಡಿತೋರಿಸಿದ ಸತ್ಯವಾಯಿತು.