ವಾಸಿಯಾಗದ ಕಿವಿ, ನಿಲ್ಲದ ಕರೆ

ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟ ಬಿಟ್ಟು ಹೊರದೇಶಕ್ಕೆ ಓದಲು ಹೊರಟವರಿಗೆ ಭಯ ಇದ್ದೇ ಇರುತ್ತೆ. ದೇಹದಲ್ಲಿ ಕೊರತೆ ಇದ್ದರಂತೂ ಇನ್ನೂ ಜಾಸ್ತಿ. ಇವತ್ತು ಪಂಡಿತಾ ರಮಾಬಾಯಿಯವರನ್ನು ನೆನೆಯೋಣ.

ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಗಂಡ ತೀರಿಹೋದ ಮೇಲೆ, 1883ರಲ್ಲಿ ಎರಡು ವರ್ಷದ ಮಗಳು ಮನೋರಮಾಳನ್ನು ಕರೆದುಕೊಂಡು, ಡಾಕ್ಟರ್ ಆಗಬೇಕು ಅಂತ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಊರಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಬಳಿ ಉಳಿದರು. ಆದರೆ ಕಿವಿ ಮಂದವಾಗಿತ್ತು. ಡಾಕ್ಟರ್ ಓದಿನ ಆಸೆ ಬಿಡಬೇಕಾಯಿತು. ಜೊತೆಗೆ ಹೋಗಿದ್ದ ಗೆಳತಿಯೂ ಅಲ್ಲೇ ತೀರಿಕೊಂಡರು. ಪರದೇಶ, ಮಡಿಲಲ್ಲಿ ಕೂಸು, ಬಂದ ಕೆಲಸವೇ ಆಗಲಿಲ್ಲ. ಯೋಚಿಸಿ ನೋಡಿ!

ಆದರೂ ಅವರು ಊರಿಗೆ ಹಿಂದಿರುಗಲಿಲ್ಲ. ಅದೇ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ತಾವೂ ಓದುತ್ತಾ ಸಂಸ್ಕೃತ ಕಲಿಸಿದರು. ಮುಂದೆ ಭಾರತದಲ್ಲಿ, ಕೆಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ವಿಧವೆಯರಿಗೆ, ಅನಾಥ ಹೆಣ್ಣುಮಕ್ಕಳಿಗೆ, ಕಣ್ಣು ಕಾಣದವರಿಗೆ ಅದು ಆಸರೆಯಾಯಿತು. 1905ರಲ್ಲಿ ಅಲ್ಲೇ ಮಹಾ ಉಜ್ಜೀವನ ಉಂಟಾಯಿತು. 1922ರಲ್ಲಿ ತೀರಿಕೊಳ್ಳುವ ಮುಂಚೆ ಬೈಬಲನ್ನು ಮರಾಠಿಗೆ ಅನುವಾದಿಸಿದ್ದರು.

ಗಮನಿಸಿ, ಕಿವಿ ಮಾತ್ರ ವಾಸಿಯಾಗಲಿಲ್ಲ. ನಾವು ಸ್ವಸ್ಥತೆಗಾಗಿ ಪ್ರಾರ್ಥಿಸ್ತೀವಿ, ಪ್ರಾರ್ಥಿಸಬೇಕು. ಆದರೆ ವಾಸಿಯಾಗದವರ ನಂಬಿಕೆ ಕಡಿಮೆ ಅಂತ ಯಾರೂ ಹೇಳಬೇಡಿ. ಕರ್ತನು ಅವರನ್ನು ಇದ್ದ ಹಾಗೇ ಕರೆದನು. ನಿಮ್ಮನ್ನೂ ಕರೀತಾನೆ. ಆಮೆನ್.